ಲೈಸೆನ್ಸಿನ ತಾರೀಖು ಹೋದರೂ ಕಡತ ಹೋಗುವುದಿಲ್ಲ: ವಿಶ್ವವಿದ್ಯಾಲಯದ ಟ್ರಿಗಾ ರಿಯಾಕ್ಟರಿನ ನವೀಕರಣ

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು. ಈಗ ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ರಿಯಾಕ್ಟರ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದೇನೆ. ನಮ್ಮದು 250 ಕಿಲೋವಾಟಿನ ಟ್ರಿಗಾ, ಅಂದರೆ ಸಂಶೋಧನೆಗೆ ಬಳಸುವ ಒಂದು ಮಾದರಿಯ ಅಣು ರಿಯಾಕ್ಟರ್. 20 ವರ್ಷದ ಲೈಸೆನ್ಸ್ ಮುಗಿಯುತ್ತ ಬಂದಿದೆ, ನವೀಕರಣದ ಕೆಲಸ ನನ್ನ ತಲೆಗೆ ಬಿದ್ದಿದೆ. ಹೊಸ ನಿಯಮ ಬಂದ ಮೇಲೆ ನವೀಕರಣವೇ ಬೇಡ ಎಂದು ಕೆಲವರು ಹೇಳುತ್ತಿದ್ದಾರೆ, ನಿಜವೇ? ಬೇಕೆಂದರೆ ಎಲ್ಲಿಂದ ಶುರು ಮಾಡಲಿ, ಎಲ್ಲಿ ಸಿಕ್ಕಿಬೀಳುತ್ತೇವೆ? ಅರ್ಜಿ ಇತ್ಯರ್ಥವಾಗುವ ತನಕ ರಿಯಾಕ್ಟರ್ ನಡೆಸಬಹುದೇ?

ಉತ್ತರ: ನೀವು ಕೇಳಿದ್ದರಲ್ಲಿ ಅರ್ಧ ನಿಜ. ನಿಮ್ಮ ರಿಯಾಕ್ಟರಿಗೆ ಲೈಸೆನ್ಸ್ ಕೊಟ್ಟಿರುವುದು 1954ರ ಅಣುಶಕ್ತಿ ಕಾಯ್ದೆಯ 104(ಸಿ) ಕಲಂ ಅಡಿ, ಅಂದರೆ ಸಂಶೋಧನೆಗೆ, ಬೋಧನೆಗೆ. ಇಂಥ ರಿಯಾಕ್ಟರುಗಳಿಗೆ ಲೈಸೆನ್ಸಿನ ಅವಧಿ ಗರಿಷ್ಠ 40 ವರ್ಷ ಇತ್ತು. ನವೀಕರಣದಲ್ಲಿ ಸಾಮಾನ್ಯವಾಗಿ 20 ವರ್ಷ ಕೊಡುತ್ತಿದ್ದರು. ಅಲ್ಲಿನ ನಿಯಂತ್ರಣ ಆಯೋಗ, ಎನ್‌ಆರ್‌ಸಿ, 2024ರ ಡಿಸೆಂಬರ್ ಕೊನೆಗೆ ಪ್ರಕಟಿಸಿದ ನಿಯಮ 2025ರ ಜನವರಿ ಕೊನೆಗೆ ಜಾರಿಗೆ ಬಂತು. ಆ ನಿಯಮ ಈ ವರ್ಗದ ಲೈಸೆನ್ಸಿನಿಂದ ಮುಕ್ತಾಯದ ತಾರೀಖನ್ನೇ ತೆಗೆಯುತ್ತದೆ. 'ಪರೀಕ್ಷಾ ರಿಯಾಕ್ಟರ್' ಎನಿಸಿಕೊಂಡವಕ್ಕೆ, ಉದಾಹರಣೆಗೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 20 ಮೆಗಾವಾಟಿನ ರಿಯಾಕ್ಟರಿಗೆ, ಈ ರಿಯಾಯಿತಿ ಇಲ್ಲ. ನಿಮ್ಮದು ಆ ಸಾಲಿಗೆ ಬರುವುದಿಲ್ಲ. ನಿಮ್ಮ 250 ಕಿಲೋವಾಟ್ ಅಂದರೆ ಮೂರು ಕಿಲೋವಾಟಿನ 83 ಗೀಸರ್‌ಗಳ ಶಾಖ, ಅಷ್ಟೇ.

ಆದರೆ ನಿಯಮ ಬಂತೆಂದು ನಿಮ್ಮ ಕೈಯಲ್ಲಿರುವ ಲೈಸೆನ್ಸಿನ ತಾರೀಖು ತಾನಾಗಿ ಅಳಿಸಿಹೋಗುವುದಿಲ್ಲ. ಅದನ್ನು ತೆಗೆದು ಎನ್‌ಆರ್‌ಸಿ ನಿಮ್ಮ ಹೆಸರಿಗೆ ಆದೇಶ ಹೊರಡಿಸಬೇಕು. ಆ ಕಾಗದ ಕೈ ಸೇರುವ ತನಕ ಅಚ್ಚಾಗಿರುವ ದಿನಾಂಕವೇ ದಿನಾಂಕ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಒಂದು ಫೋನು: ನಿಮ್ಮ ಎನ್‌ಆರ್‌ಸಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಕರೆ ಮಾಡಿ, 'ನಮ್ಮ ಹಿಂದಿನ ನವೀಕರಣ ಎನ್‌ಆರ್‌ಸಿಯ ಕೈಪಿಡಿ ನ್ಯೂರೆಗ್-1537ರ ಪ್ರಕಾರ ಆಗಿತ್ತೇ, ಆದೇಶಕ್ಕೆ ನಾವು ಅರ್ಹರೇ, ಇನ್ನೊಂದು ಸುತ್ತು ಅರ್ಜಿ ಬೇಕೇ' ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಅರ್ಜಿ ಬೇಡ ಎಂದರೂ ಖುಷಿಪಟ್ಟು ಕೂರುವಂತಿಲ್ಲ. ತಾರೀಖಿನ ಜಾಗದಲ್ಲಿ ಹೊಸ ನಿಯಮ ಇಟ್ಟಿರುವುದು ಐದು ವರ್ಷಕ್ಕೊಮ್ಮೆ ಸುರಕ್ಷತಾ ವಿಶ್ಲೇಷಣಾ ವರದಿಯನ್ನು, ಎಲ್ಲರೂ ಎಸ್‌ಎಆರ್ ಅನ್ನುವುದನ್ನು, ತಿದ್ದಿ ಸಲ್ಲಿಸುವ ಬಾಧ್ಯತೆ. 20 ವರ್ಷಕ್ಕೊಮ್ಮೆ ಒಟ್ಟಿಗೆ ಹೊರುತ್ತಿದ್ದ ಮೂಟೆಯನ್ನು ಕಂತಿನಲ್ಲಿ ಹೊರಬೇಕು. ನಮ್ಮ ಅಭಿಪ್ರಾಯದಲ್ಲಿ ಇದೇ ಒಳ್ಳೆಯದು. 20 ವರ್ಷದಲ್ಲಿ ವರದಿ ಬರೆದವರು ನಿವೃತ್ತರಾಗಿರುತ್ತಾರೆ, ಲೆಕ್ಕ ಮಾಡಿದ ಕಂಪ್ಯೂಟರ್ ಗುಜರಿ ಸೇರಿರುತ್ತದೆ. ಹೇಗಿದ್ದರೂ ಕೆಳಗೆ ಹೇಳುವ ಕೆಲಸವನ್ನು ಎರಡೂ ದಾರಿಯಲ್ಲಿ ಮಾಡಲೇಬೇಕು.

ಕೊನೆಯಿಂದ ಶುರು ಮಾಡಿ

ಎಸ್‌ಎಆರ್ ಹೇಗಿರಬೇಕೆಂದು ಹೇಳುವ ಕೈಪಿಡಿ 1996ರ ನ್ಯೂರೆಗ್-1537. ಅದಕ್ಕೆ ಎರಡು ಭಾಗ. ಮೊದಲನೆಯದು ಅರ್ಜಿದಾರರಿಗೆ, ಎರಡನೆಯದು ಅರ್ಜಿ ಪರಿಶೀಲಿಸುವವರಿಗೆ. ಎರಡನೆಯದನ್ನೇ ಮೇಜಿನ ಮೇಲೆ ಇಟ್ಟುಕೊಳ್ಳಿ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹಾಗೆ. ಒಟ್ಟು 18 ಅಧ್ಯಾಯ, ಒಂದರಿಂದ ಬರೆಯುತ್ತ ಹೋಗುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದವರು ಎರಡನೇ ಅಧ್ಯಾಯದ ಭೂಕಂಪ, ಪ್ರವಾಹ, ಜನಸಂಖ್ಯೆಯ ಪುಟಗಳಲ್ಲೇ ಒಂದು ಸೆಮಿಸ್ಟರ್ ಕಳೆಯುತ್ತಾರೆ.

ನೀವು 14ನೇ ಅಧ್ಯಾಯದಿಂದ, ಅಂದರೆ ಟೆಕ್ ಸ್ಪೆಕ್‌ನಿಂದ ಶುರು ಮಾಡಿ. ರಿಯಾಕ್ಟರನ್ನು ದಿನನಿತ್ಯ ಕಟ್ಟಿಹಾಕುವ ಕಾನೂನು ಅದು, ಲೈಸೆನ್ಸಿನ ಭಾಗವೇ. ಅದರ ಮಾದರಿ ಅಮೆರಿಕನ್ ನ್ಯೂಕ್ಲಿಯರ್ ಸೊಸೈಟಿಯ ಎಎನ್‌ಎಸ್-15.1 ಮಾನದಂಡ. ಈಗಿರುವ ಟೆಕ್ ಸ್ಪೆಕ್‌ನ ಪ್ರತಿ ಅಂಕಿಯ ಕೆಳಗೂ ಗೆರೆ ಎಳೆದು, ಈ ಅಂಕಿಯ ಅಪ್ಪ ಯಾರು ಎಂದು ಕೇಳಿ. ಯಾವ ಲೆಕ್ಕದಿಂದ, ಯಾವ ಅಧ್ಯಾಯದ ಯಾವ ಕೋಷ್ಟಕದಿಂದ ಅದು ಹುಟ್ಟಿತು? ಮೂರನೇ ಒಂದು ಭಾಗಕ್ಕೆ ಅಪ್ಪ ಸಿಗದಿದ್ದರೂ ಗಾಬರಿ ಬೇಡ. '1960ರ ದಶಕದಲ್ಲಿ ತಯಾರಕರು ಹೇಳಿದ್ದರು' ಎಂಬುದಷ್ಟೇ ಆಧಾರವಾಗಿರುವ ಅಂಕಿಗಳು ಹಳೆಯ ರಿಯಾಕ್ಟರುಗಳಲ್ಲಿ ಸಾಮಾನ್ಯ. ಹೀಗೆ ಅನಾಥವಾಗಿರುವ ಅಂಕಿಗಳ ಪಟ್ಟಿಯೇ ನಿಮ್ಮ ಮುಂದಿನ ಎರಡು ವರ್ಷದ ಕೆಲಸದ ಪಟ್ಟಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಪ್ರತಿಕ್ರಿಯಾಶೀಲತೆಯನ್ನು, ಅಂದರೆ ಸರಪಳಿ ಕ್ರಿಯೆ ಏರುವ ಇಲ್ಲವೇ ಇಳಿಯುವ ಒಲವನ್ನು, ಟ್ರಿಗಾದವರು ಅಳೆಯುವುದು 'ಡಾಲರ್'ನಲ್ಲಿ. ಹಣದ ಡಾಲರ್ ಅಲ್ಲ. ತಡವಾಗಿ ಹುಟ್ಟುವ ನ್ಯೂಟ್ರಾನ್‌ಗಳ ಪಾಲಿಗೆ ಸಮನಾದ ಪ್ರಮಾಣ, ಟ್ರಿಗಾದಲ್ಲಿ ಸುಮಾರು 0.007. ನಿಮ್ಮ ಮೂರು ನಿಯಂತ್ರಣ ಸರಳುಗಳ ಬೆಲೆ 3.00, 2.60, 1.20 ಡಾಲರ್ ಎಂದಿಟ್ಟುಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ಬೆಲೆಯ ಸರಳು ಮೇಲೆಯೇ ಸಿಕ್ಕಿಕೊಂಡರೂ ರಿಯಾಕ್ಟರ್ ಕನಿಷ್ಠ 0.50 ಡಾಲರ್ ಅಂತರದಲ್ಲಿ ಆರಿರಬೇಕು ಎಂಬುದು ಟೆಕ್ ಸ್ಪೆಕ್. ದೊಡ್ಡದನ್ನು ಬಿಟ್ಟರೆ ಉಳಿಯುವುದು 3.80. ಇವತ್ತಿನ ಕೋರ್‌ನ, ಅಂದರೆ ಇಂಧನ ಸರಳುಗಳು ಕೂಡಿದ ನಡುಭಾಗದ, ಹೆಚ್ಚುವರಿ ಪ್ರತಿಕ್ರಿಯಾಶೀಲತೆ 2.30. ಕಳೆದರೆ 1.50, ಬೇಕಾದಷ್ಟಾಯಿತು. ಆದರೆ ಅದೇ ಟೆಕ್ ಸ್ಪೆಕ್‌ನ ಇನ್ನೊಂದು ಸಾಲು ಹೆಚ್ಚುವರಿಯನ್ನು 3.40ರ ತನಕ ಬಿಡುತ್ತದೆ ಅಂದುಕೊಳ್ಳಿ. ಆಗ ಅಂತರ 0.40. ಅಂದರೆ ಒಂದು ಮಿತಿಯೊಳಗೆ ನಿಂತುಕೊಂಡೇ ಇನ್ನೊಂದನ್ನು ಮುರಿಯಬಹುದು. ಪರಿಶೀಲಕರು ಕ್ಯಾಲ್ಕುಲೇಟರ್ ಹಿಡಿದು ಮೊದಲು ಮಾಡುವ ಕೆಲಸ ಇದೇ. ಇದರ ಮೇಲೆ ಕೋರ್‌ನಲ್ಲಿಟ್ಟ ಪ್ರಯೋಗ ಅತಿ ಪ್ರತಿಕೂಲ ಸ್ಥಿತಿಯಲ್ಲಿದ್ದರೆ, ಕೋರ್ ತಣ್ಣಗಿದ್ದು ನ್ಯೂಟ್ರಾನ್ ಹೀರುವ ಜೀನಾನ್ ಇಲ್ಲದಿದ್ದರೆ, ಅಳತೆಯ ಅನಿಶ್ಚಿತತೆ ಸೇರಿಸಿದರೆ ಎಂಬ ಪ್ರಶ್ನೆಗಳು ಬರುತ್ತವೆ.

ಇದರಿಂದಲೇ ನಾಲ್ಕನೇ ಅಧ್ಯಾಯದ ಅತಿ ಸಾಮಾನ್ಯ ತಪ್ಪೂ ಗೊತ್ತಾಗುತ್ತದೆ. ಇವತ್ತು ಕೊಳದೊಳಗೆ ಇರುವ ಕೋರ್‌ಗೆ ಎಂಸಿಎನ್‌ಪಿ ಎಂಬ ನ್ಯೂಟ್ರಾನ್ ಲೆಕ್ಕದ ಕಂಪ್ಯೂಟರ್ ಕೋಡ್‌ನಲ್ಲಿ ಚೆಂದದ ಮಾದರಿ ಕಟ್ಟಿ, ಎಲ್ಲ ಸರಿಯಿದೆ ಎಂದು ಬರೆದುಬಿಡುತ್ತಾರೆ. ಲೈಸೆನ್ಸ್ ಕೊಡುವುದು ಇವತ್ತಿನ ಕೋರ್‌ಗೆ ಅಲ್ಲ, ಟೆಕ್ ಸ್ಪೆಕ್ ಬಿಡುವ ಎಲ್ಲ ಕೋರ್‌ಗಳಿಗೆ. ಕಡಿಮೆ ಇಂಧನ ಸರಳುಗಳಲ್ಲಿ ಪೂರ್ತಿ ಶಕ್ತಿ ತೆಗೆಯುವ, ಒಂದು ಸರಳಿನ ಮೇಲೆ ಅತಿ ಹೆಚ್ಚು ಹೊರೆ ಬೀಳುವ ಸೀಮಾಂತ ಕೋರ್ ಒಂದನ್ನು ಆರಿಸಿ ಅದನ್ನು ವಿಶ್ಲೇಷಿಸಬೇಕು. ಶಕ್ತಿಯೂ 250 ಅಲ್ಲ. ಸ್ಕ್ರ್ಯಾಮ್, ಅಂದರೆ ರಿಯಾಕ್ಟರ್ ತಾನಾಗಿ ತಟ್ಟನೆ ಆರುವ ಮಿತಿ, 110 ಶೇಕಡಾಕ್ಕೆ ಇದ್ದರೆ 275 ಕಿಲೋವಾಟ್, ಜೊತೆಗೆ ಶಕ್ತಿ ಮಾಪನದ ದೋಷ. ಆ ಬಿಸಿ ಸರಳಿನ ಸುತ್ತ ನೀರು ಸಹಜವಾಗಿ ಮೇಲೇರುವ ವೇಗದಲ್ಲಿ ಕುದಿಯುವಿಕೆಯ ಅಪಾಯಕ್ಕೆ ಎಷ್ಟು ಅಂತರ ಉಳಿದಿದೆ ಎಂದು ಶಾಖ ಮತ್ತು ನೀರಿನ ಹರಿವಿನ ಲೆಕ್ಕ ಮಾಡುವ ರಿಲ್ಯಾಪ್‌ನಂಥ ಕೋಡ್‌ನಲ್ಲಿ ತೋರಿಸಿ. ಅಪಾಯ ಶುರುವಾಗುವ ಶಾಖಕ್ಕೂ ಸರಳಿನ ನಿಜವಾದ ಶಾಖಕ್ಕೂ ಇರುವ ಅನುಪಾತ 2ಕ್ಕಿಂತ ಮೇಲಿದ್ದರೆ ಮಾತು ಬೇಗ ಮುಗಿಯುತ್ತದೆ. 250 ಕಿಲೋವಾಟಿನಲ್ಲಿ ಅದು ಆರಾಮಾಗಿ ಬರುತ್ತದೆ. ಎಂಸಿಎನ್‌ಪಿ ಮಾದರಿಯನ್ನು ನಂಬಬೇಕಾದರೆ ಲೆಕ್ಕ ಹಾಕಿದ ಸರಳಿನ ಬೆಲೆಗಳನ್ನು ಲಾಗ್ ಪುಸ್ತಕದ ಅಳತೆಗಳ ಪಕ್ಕ ಇಟ್ಟು ತೋರಿಸಿ. ಅಳತೆಯ ತುಲನೆ ಇಲ್ಲದ ಮಾದರಿ ಪರಿಶೀಲಕರಿಗೆ ಬರೀ ಚಿತ್ರ.

ಇಂಧನದ ಉಷ್ಣತೆಯ ಮಿತಿ ಟ್ರಿಗಾದ ಸುರಕ್ಷತೆಯ ಬೇರು. ಇಂಧನ ಯುರೇನಿಯಂ ಮತ್ತು ಜಿರ್ಕೋನಿಯಂ ಹೈಡ್ರೈಡ್‌ನ ಮಿಶ್ರಣ. ಬಿಸಿಯಾದರೆ ಹೈಡ್ರೋಜನ್ ಬಿಡುಗಡೆಯಾಗಿ ಹೊದಿಕೆಯ ಒಳಗೆ ಒತ್ತಡ ಏರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ 500 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಇಂಧನಕ್ಕೆ 1150 ಡಿಗ್ರಿ, ಹೊದಿಕೆಯೂ ಇಂಧನದಷ್ಟೇ ಬಿಸಿಯಾದರೆ 950 ಡಿಗ್ರಿ ಎಂಬುದು ಒಪ್ಪಿತ ಮಿತಿ. ಹಳೆಯ ಅಲ್ಯೂಮಿನಿಯಂ ಹೊದಿಕೆಯ ಸರಳುಗಳಿಗೆ ಇದರ ಅರ್ಧದಷ್ಟು. ನಿಮ್ಮ ದಾಸ್ತಾನಿನಲ್ಲಿ ಅಲ್ಯೂಮಿನಿಯಂನವು ಒಂದೆರಡೇ ಇದ್ದರೂ ಅವನ್ನು ಕೋರ್‌ಗೆ ಹಾಕಬಹುದೇ, ಬಾರದೇ ಎಂದು ಟೆಕ್ ಸ್ಪೆಕ್‌ನಲ್ಲಿ ಖಚಿತವಾಗಿ ಬರೆಯಿರಿ. ಅಸ್ಪಷ್ಟವಾಗಿ ಬಿಟ್ಟರೆ ಕಡಿಮೆ ಮಿತಿಯೇ ಇಡೀ ಕೋರ್‌ಗೆ ಅಂಟಿಕೊಳ್ಳುತ್ತದೆ.

ಇಂಧನದ ಸ್ಥಿತಿಗೆ ಸಾಕ್ಷಿ ತಪಾಸಣೆಯ ದಾಖಲೆ. ಸರಳು ಸುಮಾರು 72 ಸೆಂಟಿಮೀಟರ್ ಉದ್ದ, 3.75 ಸೆಂಟಿಮೀಟರ್ ದಪ್ಪ, ಹೊದಿಕೆ ಅರ್ಧ ಮಿಲಿಮೀಟರ್. ಒಂದೊಂದನ್ನೇ ಉದ್ದನೆಯ ಹಿಡಿಕೆಯಿಂದ ನೀರೊಳಗೇ ಎತ್ತಿ ಅಳತೆಯ ಕೊಳವೆಯೊಳಗೆ ಇಳಿಸುತ್ತಾರೆ. ಪ್ರಮಾಣದ ಸರಳಿಗೆ ಹೋಲಿಸಿದಾಗ ಉದ್ದ 3.2 ಮಿಲಿಮೀಟರ್‌ಗಿಂತ ಹೆಚ್ಚು ಬೆಳೆದಿದ್ದರೆ, ಬಾಗು 1.6 ಮಿಲಿಮೀಟರ್ ದಾಟಿದ್ದರೆ ಆ ಸರಳು ಹೊರಗೆ ಎಂಬುದು ವಾಡಿಕೆಯ ಮಿತಿ. ಕೊಳವೆಯೊಳಗೆ ಸಲೀಸಾಗಿ ಇಳಿಯದೆ ಕಚ್ಚಿಕೊಂಡರೆ ಅಲ್ಲೇ ಬಾಗು ಗೊತ್ತಾಗುತ್ತದೆ. ಇಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ ಅಲ್ಲ, ಬರೆದಿಡುವುದರಲ್ಲಿ. 'ಸರಿಯಿದೆ' ಎಂದು ಟಿಕ್ ಹಾಕಿ ಅಂಕಿಯನ್ನೇ ಬರೆದಿರುವುದಿಲ್ಲ. 20 ವರ್ಷದ ಟಿಕ್‌ಗಳಿಂದ ಸರಳು ಬೆಳೆಯುತ್ತಿದೆಯೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ. ಈಗಿನಿಂದಲೇ ಅಂಕಿ ಬರೆಸಿ.

ಅಪಘಾತದ ಲೆಕ್ಕ

13ನೇ ಅಧ್ಯಾಯದಲ್ಲಿ ಹಲವು ಅಪಘಾತಗಳನ್ನು ಪರಿಶೀಲಿಸಬೇಕು: ಪ್ರತಿಕ್ರಿಯಾಶೀಲತೆ ದಿಢೀರ್ ಏರುವುದು, ಕೊಳದ ನೀರು ಬರಿದಾಗುವುದು, ಪ್ರಯೋಗದ ಡಬ್ಬಿ ಒಡೆಯುವುದು. ಎಲ್ಲಕ್ಕೂ ಮೇಲ್ಮಿತಿಯಾಗಿ ಒಂದು ಕಲ್ಪಿತ ಗರಿಷ್ಠ ಅಪಘಾತ. ಟ್ರಿಗಾದಲ್ಲಿ ಅದು ಹೆಚ್ಚು ಕಡಿಮೆ ನಿಗದಿಯಾಗಿಬಿಟ್ಟಿದೆ: ಅತಿ ಹೆಚ್ಚು ಶಕ್ತಿ ಕೊಟ್ಟ ಒಂದು ಸರಳಿನ ಹೊದಿಕೆ, ನೀರಿನ ಹೊರಗೆ, ಗಾಳಿಯಲ್ಲಿ ಒಡೆಯುತ್ತದೆ.

ಹೊರಬರುವುದು ಅನಿಲಗಳು ಮತ್ತು ಅಯೋಡಿನ್ ಜಾತಿಯವು. ಟ್ರಿಗಾ ಇಂಧನ ಇವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. 350 ಡಿಗ್ರಿಗಿಂತ ಕೆಳಗೆ ಹೊದಿಕೆಯ ಸಂದಿಗೆ ಬಂದು ಸೇರುವುದು ಲಕ್ಷಕ್ಕೆ ಸುಮಾರು ಒಂದೂವರೆ ಪಾಲು ಮಾತ್ರ. ಆದ್ದರಿಂದ ಕೊನೆಯ ಉತ್ತರ ಚಿಕ್ಕದಾಗಿಯೇ ಬರುತ್ತದೆ. ಮೊದಲು ಸಂಶೋಧನಾ ರಿಯಾಕ್ಟರಿಗೆ ಪ್ರತ್ಯೇಕ ಅಪಘಾತ ಮಿತಿಯೇ ಇರಲಿಲ್ಲ, ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ದೈನಂದಿನ ಮಿತಿಗೇ ಹೋಲಿಸುತ್ತಿದ್ದರು. ಹೊಸ ನಿಯಮ ಅದನ್ನು 10 ಮಿಲಿಸೀವರ್ಟ್, ಅಂದರೆ 1 ರೆಮ್ ಎಂದು ಬರೆದಿಟ್ಟಿದೆ.

ಮಿತಿ ಸಡಿಲವಾಯಿತೆಂದು ಲೆಕ್ಕ ಸಡಿಲ ಬಿಡಬೇಡಿ. ಪರಿಶೀಲಕರು ಉತ್ತರಕ್ಕಿಂತ ಊಹೆಗಳನ್ನು ಕೆದಕುತ್ತಾರೆ. ಕೊಠಡಿಯೊಳಗಿನವರು ಐದು ನಿಮಿಷದಲ್ಲಿ ಹೊರಬರುತ್ತಾರೆ ಎಂದಿದ್ದೀರಿ. ಅಣಕು ಅಭ್ಯಾಸದಲ್ಲಿ ನಿಜವಾಗಿ ಎಷ್ಟು ಹೊತ್ತಾಯಿತು? ಗಾಳಿಯ ಫ್ಯಾನ್ ನಿಲ್ಲುತ್ತದೆ ಎಂದಿದ್ದೀರಿ. ನಿಲ್ಲುವುದನ್ನು ಟೆಕ್ ಸ್ಪೆಕ್ ಕಡ್ಡಾಯ ಮಾಡಿದೆಯೇ? ಮಾಡಿಲ್ಲದಿದ್ದರೆ ನಿಂತಾಗ ಒಂದು, ನಿಲ್ಲದಿದ್ದಾಗ ಒಂದು, ಎರಡೂ ಲೆಕ್ಕ ಬೇಕು. ಹತ್ತಿರದ ವಾಸಸ್ಥಳ ಇಷ್ಟು ದೂರ ಎಂಬ ಅಂಕಿ ಹಳೆಯ ವರದಿಯದು. ಈ ನಡುವೆ ರಸ್ತೆಯಾಚೆ ಹೊಸ ಹಾಸ್ಟೆಲ್ ಎದ್ದಿರುತ್ತದೆ. ಕ್ಯಾಂಪಸ್ ನಕ್ಷೆಯನ್ನು ಈ ವರ್ಷದ್ದೇ ತೆಗೆದುಕೊಳ್ಳಿ.

ದಿನನಿತ್ಯದ ಬಿಡುಗಡೆಯಲ್ಲಿ ನಿಮ್ಮ ಲೆಕ್ಕಕ್ಕೆ ಬರುವುದು ಆರ್ಗಾನ್-41 ಒಂದೇ. ಮಾದರಿಗಳನ್ನು ಕೋರ್‌ಗೆ ಕಳಿಸಿ ತರಿಸುವ ರ‍್ಯಾಬಿಟ್ ಕೊಳವೆ, ತಿರುಗುವ ಮಾದರಿ ತಟ್ಟೆ, ಕಿರಣ ದ್ವಾರ, ಎಲ್ಲೆಲ್ಲಿ ಗಾಳಿ ನ್ಯೂಟ್ರಾನ್‌ಗೆ ಸಿಗುತ್ತದೋ ಅಲ್ಲೆಲ್ಲ ಅದು ಹುಟ್ಟುತ್ತದೆ. ಅರ್ಧಾಯು 110 ನಿಮಿಷ. ಗಾಳಿಯ ಮೂಲಕ ಸಾರ್ವಜನಿಕರಿಗೆ ವರ್ಷಕ್ಕೆ 0.1 ಮಿಲಿಸೀವರ್ಟ್ ದಾಟಬಾರದೆಂಬ ಕಟ್ಟುಪಾಡು ಇದೆ. ಕಳೆದ ವರ್ಷ ನಡೆಸಿದ ಗಂಟೆಗಳಿಗೆ ಲೆಕ್ಕ ಹಾಕಿದರೆ ಸಾಲದು. ಲೈಸೆನ್ಸ್ ಬಿಡುವ ಗರಿಷ್ಠ ಬಳಕೆಗೆ ಹಾಕಬೇಕು, ಇಲ್ಲವೇ ವರ್ಷದ ಗಂಟೆಗಳಿಗೆ ಮಿತಿ ಹಾಕಿಕೊಳ್ಳಬೇಕು.

ಉಳಿದ ಕಾಗದಗಳು

ಇವು ಕಷ್ಟವಲ್ಲ, ಆದರೆ ಬೇರೆಯವರ ಮೇಜಿನಿಂದ ಬರಬೇಕು. ಐದು ವರ್ಷದ ನಿರ್ವಹಣಾ ವೆಚ್ಚದ ಅಂದಾಜು ಮತ್ತು ಹಣದ ಮೂಲವನ್ನು ನವೀಕರಣದ ಅರ್ಜಿಗಳಲ್ಲಿ ಕೇಳುತ್ತಿದ್ದರು. ಹೊಸ ನಿಯಮದ ಕೆಳಗೆ ನಿಮಗೆ ಅದು ಬೇಕೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ. ರಿಯಾಕ್ಟರ್ ಮುಚ್ಚುವ ದಿನದ ಖರ್ಚಿಗೆ ಸರ್ಕಾರಿ ವಿಶ್ವವಿದ್ಯಾಲಯಗಳು ಠೇವಣಿ ಇಡಬೇಕಿಲ್ಲ, ಬೇಕಾದಾಗ ಹಣ ಒದಗಿಸುತ್ತೇವೆಂಬ ಉದ್ದೇಶಪತ್ರ ಸಾಕು. ಅದಕ್ಕೆ ಸಹಿ ಹಾಕುವವರಿಗೆ ಆ ಅಧಿಕಾರ ಇದೆ ಎಂಬುದಕ್ಕೂ ದಾಖಲೆ ಬೇಕು, ಇದೇ ಬಿಟ್ಟುಹೋಗುವುದು. ಇಂಧನದ ಒಡೆತನ ಇಂಧನ ಇಲಾಖೆಯದು. ಬಳಸಿದ್ದನ್ನು ಅವರು ವಾಪಸ್ ತೆಗೆದುಕೊಳ್ಳುವ ಒಪ್ಪಂದದ ಪ್ರತಿ ಲಗತ್ತಿಸಿ. ಲಾಭರಹಿತ ಶಿಕ್ಷಣ ಸಂಸ್ಥೆ ಆದ್ದರಿಂದ ಪರಿಶೀಲನಾ ಶುಲ್ಕ ಇಲ್ಲ. ಖರ್ಚೆಲ್ಲ ನಿಮ್ಮ ಜನರ ಸಮಯ.

ತುರ್ತು ಯೋಜನೆ, ಆಪರೇಟರುಗಳ ಮರುತರಬೇತಿ ಯೋಜನೆ, ಭದ್ರತಾ ಯೋಜನೆ ಬೇರೆ ಬೇರೆ ದಾಖಲೆಗಳು. ಭದ್ರತೆಯದನ್ನು ಸಾರ್ವಜನಿಕ ಕಡತದೊಂದಿಗೆ ಅಪ್ಪಿತಪ್ಪಿಯೂ ಸೇರಿಸಬೇಡಿ. ಒಂದು ತಪ್ಪು ಅಟ್ಯಾಚ್‌ಮೆಂಟ್ ಸಾಕು, ಅದೇ ಒಂದು ಪ್ರಕರಣವಾಗುತ್ತದೆ. ಪರಿಸರ ವರದಿಯಲ್ಲಿ ಒಂದು ತಮಾಷೆಯ ತೊಡಕಿದೆ. 50 ವರ್ಷ ದಾಟಿದ ಕಟ್ಟಡ ಚಾರಿತ್ರಿಕ ಮಹತ್ವದ್ದೇ ಎಂದು ರಾಜ್ಯದ ಪರಂಪರೆ ಕಚೇರಿಯನ್ನು ಕೇಳುವ ಕ್ರಮ ಇದೆ, ಮತ್ತು ಈಗ ರಿಯಾಕ್ಟರ್ ಕಟ್ಟಡವೇ ಆ ವಯಸ್ಸಿನದು.

ಹುದ್ದೆಗಳ ಹೆಸರನ್ನು ಟೆಕ್ ಸ್ಪೆಕ್‌ನಲ್ಲಿ ಹಾಗೇ ಬರೆಯಬೇಡಿ. ಎಎನ್‌ಎಸ್-15.1 ಹೇಳುವಂತೆ ಹಂತ 1ರಿಂದ ಹಂತ 4 ಎಂದು ಬರೆಯಿರಿ. ಇಲ್ಲದಿದ್ದರೆ ಕುಲಸಚಿವರ ಹುದ್ದೆಗೆ ಹೊಸ ಹೆಸರಿಟ್ಟಾಗೆಲ್ಲ ಲೈಸೆನ್ಸ್ ತಿದ್ದುಪಡಿ ಮಾಡಿಸುತ್ತ ಕೂರಬೇಕು. ಅದೇ ರೀತಿ 'ವಾರ್ಷಿಕ' ಎಂದಷ್ಟೇ ಬರೆದು ಬಿಡಬೇಡಿ. ವಾರ್ಷಿಕ ಎಂದರೆ 15 ತಿಂಗಳು ಮೀರದಂತೆ, ಅರ್ಧವಾರ್ಷಿಕ ಎಂದರೆ ಏಳೂವರೆ ತಿಂಗಳು, ತ್ರೈಮಾಸಿಕ ಎಂದರೆ 4 ತಿಂಗಳು, ಮಾಸಿಕ ಎಂದರೆ 6 ವಾರ ಎಂಬ ವ್ಯಾಖ್ಯಾನವನ್ನು ಸೇರಿಸಿ. ತಪಾಸಣೆಯಲ್ಲಿ ಸಿಕ್ಕಿಬೀಳುವ ಉಲ್ಲಂಘನೆಗಳಲ್ಲಿ ಈ ತಡವಾದ ಪರೀಕ್ಷೆಗಳದ್ದೇ ದೊಡ್ಡ ಪಾಲು.

ನವೀಕರಣದ ಜೊತೆಗೆ ಶಕ್ತಿ ಹೆಚ್ಚಿಸುವುದು, ಹಳೇ ಕನ್ಸೋಲ್ ಬದಲಿಸುವುದು ಸೇರಿಸಿಬಿಡೋಣ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಎಂಐಟಿ 5ರಿಂದ 6 ಮೆಗಾವಾಟಿಗೆ ಏರಿಕೆಯನ್ನೂ ಸೇರಿಸಿ 1999ರಲ್ಲಿ ಹಾಕಿದ ಅರ್ಜಿ ಮುಗಿದದ್ದು 2010ರಲ್ಲಿ. ಆ ವಿಳಂಬಕ್ಕೆ 2001ರ ಸೆಪ್ಟೆಂಬರ್ ದಾಳಿಯ ನಂತರ ಎನ್‌ಆರ್‌ಸಿಯ ಗಮನ ಭದ್ರತೆಯ ಕಡೆ ಹೊರಳಿದ್ದೂ ಕಾರಣ. ಆದರೆ ಬದಲಾವಣೆ ಸೇರಿಸದ ಮಿಸೌರಿಯ 10 ಮೆಗಾವಾಟಿನ ರಿಯಾಕ್ಟರಿಗೂ 2006ರಿಂದ 2017ರ ತನಕ ಹಿಡಿಯಿತು. 2009ರ ಮಧ್ಯಂತರ ಮಾರ್ಗಸೂಚಿ ಬಂದ ಮೇಲೆ 2 ಮೆಗಾವಾಟಿಗಿಂತ ಚಿಕ್ಕ ರಿಯಾಕ್ಟರುಗಳಿಗೆ ಮುಖ್ಯ ಅಧ್ಯಾಯಗಳ ಮೇಲಷ್ಟೇ ಒತ್ತು ಕೊಟ್ಟು ಪರಿಶೀಲಿಸುತ್ತಾರೆ, ನಿಮಗೆ ಅದು ಅನುಕೂಲ.

ಅರ್ಜಿ ಹಾಕಿದ ಮೇಲೆ

ಅರ್ಜಿಯನ್ನು ಪ್ರಮಾಣ ಮಾಡಿ ಸಹಿ ಹಾಕಿ ಸಲ್ಲಿಸಬೇಕು, ಮುಂದೆ ಬರುವ ಪ್ರತಿ ಉತ್ತರಕ್ಕೂ ಹಾಗೆಯೇ. ಮೊದಲು ಅರ್ಜಿ ಪೂರ್ಣವಾಗಿದೆಯೇ ಎಂಬ ಪರೀಕ್ಷೆ, ಆಮೇಲೆ ಸಾರ್ವಜನಿಕ ಪ್ರಕಟಣೆ, ವಿಚಾರಣೆ ಬೇಡುವವರಿಗೆ 60 ದಿನ. ನಂತರ ಶುರುವಾಗುವುದು ಹೆಚ್ಚುವರಿ ಮಾಹಿತಿಯ ಕೋರಿಕೆಗಳು, ಆರ್‌ಎಐ. ಹತ್ತಾರು ಪ್ರಶ್ನೆ ಬಂದರೆ ಅವಮಾನ ಎಂದುಕೊಳ್ಳಬೇಡಿ. ಅಪಾಯ ಇರುವುದು ಉತ್ತರ ಕೊಡುವ ರೀತಿಯಲ್ಲಿ. ಪ್ರಶ್ನೆ 17ಕ್ಕೆ ಸರಳಿನ ಶಿಖರ ಶಕ್ತಿ ಬದಲಿಸಿ ಉತ್ತರಿಸುತ್ತೀರಿ. ಅದೇ ಅಂಕಿ 13ನೇ ಅಧ್ಯಾಯದ ಅಪಘಾತದಲ್ಲಿ, 14ರ ಆಧಾರವಾಕ್ಯದಲ್ಲಿ, ಪರಿಸರ ವರದಿಯಲ್ಲಿ ಹಳೆಯದಾಗಿಯೇ ಉಳಿಯುತ್ತದೆ. ಮುಂದಿನ ಸುತ್ತಿನ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಮೊದಲ ದಿನದಿಂದ ಒಂದು ಕೋಷ್ಟಕ ಇಟ್ಟುಕೊಳ್ಳಿ: ಅಂಕಿ, ಅದರ ಮೂಲ ಲೆಕ್ಕ, ಅದು ಕಾಣಿಸಿಕೊಳ್ಳುವ ಎಲ್ಲ ಪುಟಗಳು. ಎಸ್‌ಎಆರ್‌ನ ಪ್ರತಿ ಪುಟದಲ್ಲೂ ಪರಿಷ್ಕರಣೆಯ ಸಂಖ್ಯೆ ಇರಲಿ. ಕಳಿಸುವ ಮುಂಚೆ ನಿಮ್ಮ ರಿಯಾಕ್ಟರ್ ಸುರಕ್ಷತಾ ಸಮಿತಿ ಓದಿರಲಿ, ಅವರ ನಡಾವಳಿ ಕಡತದಲ್ಲಿರಲಿ.

ಕೊನೆಯ ಪ್ರಶ್ನೆಗೆ ಬರೋಣ. ಸಮಯಕ್ಕೆ ಸರಿಯಾಗಿ ಪೂರ್ಣ ಅರ್ಜಿ ಸಲ್ಲಿಸಿದ್ದರೆ ತೀರ್ಮಾನ ಆಗುವ ತನಕ ಹಳೆಯ ಲೈಸೆನ್ಸ್ ಮುಗಿದಿಲ್ಲವೆಂದೇ ಲೆಕ್ಕ. ಎಷ್ಟೋ ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಹೀಗೇ ನಡೆಸಿದ್ದಾರೆ. ಹಿಂದೆ ಇದಕ್ಕೆ ಮುಕ್ತಾಯಕ್ಕಿಂತ 30 ದಿನ ಮುಂಚೆ ಕೊಟ್ಟರೆ ಸಾಕಿತ್ತು. ಹೊಸ ನಿಯಮದಲ್ಲಿ ಅವಧಿ ಉಳಿದಿರುವ ಲೈಸೆನ್ಸುಗಳಿಗೆ ಎರಡು ವರ್ಷ. ನಿಮಗೆ ಯಾವುದು ಅನ್ವಯಿಸಿದರೂ ಎರಡು ವರ್ಷವನ್ನೇ ಗಡುವು ಎಂದಿಟ್ಟುಕೊಳ್ಳಿ, ಏಕೆಂದರೆ ಅಪೂರ್ಣ ಎಂದು ಅರ್ಜಿ ವಾಪಸ್ ಬಂದರೆ ಈ ರಕ್ಷಣೆ ಸಿಗುವುದಿಲ್ಲ. ಕಾಯುವಷ್ಟು ಕಾಲವೂ ನಿಮ್ಮನ್ನು ಬಿಗಿಯುವುದು ಹಳೆಯ ಟೆಕ್ ಸ್ಪೆಕ್. ಹೊಸದರ ಕರಡಿನಲ್ಲಿ ಯಾವುದೋ ಮಿತಿ ಸಡಿಲವಾಗಿದೆಯೆಂದು ಅದರಂತೆ ಒಂದು ದಿನ ನಡೆಸಿದರೂ ಉಲ್ಲಂಘನೆ. ಸಣ್ಣ ಬದಲಾವಣೆಗಳಿಗೆ, ಎನ್‌ಆರ್‌ಸಿ ಅನುಮತಿ ಬೇಕೇ ಬೇಡವೇ ಎಂದು ತೂಗುವ ನಿಯಮ 50.59ರ ಮೌಲ್ಯಮಾಪನ ಈ ಅವಧಿಯಲ್ಲೂ ಬೇಕು, ಮತ್ತು ಮಾಡಿದ ಬದಲಾವಣೆಯನ್ನು ಎನ್‌ಆರ್‌ಸಿ ಓದುತ್ತಿರುವ ಎಸ್‌ಎಆರ್‌ಗೂ ಸೇರಿಸಬೇಕು.

ಹೊಸ ಲೈಸೆನ್ಸ್ ಬರುವ ದಿನವೇ ಅದು ಜಾರಿಗೆ ಬಂದರೆ ಬೆಳಗಿನ ಪಾಳಿಯವರ ಕೈಯಲ್ಲಿ ಹಳೆಯ ಪ್ರಾರಂಭ ತಪಾಸಣಾ ಪಟ್ಟಿ ಇರುತ್ತದೆ. ಆದ್ದರಿಂದ ಕೊನೆಯ ಕರಡು ನೋಡುವಾಗಲೇ ಜಾರಿಗೆ ಕೆಲವು ವಾರಗಳ ಕಾಲಾವಕಾಶ ಕೇಳಿ. ಆ ವಾರಗಳಲ್ಲಿ ಪಟ್ಟಿಗಳನ್ನು, ಲಾಗ್ ಹಾಳೆಗಳನ್ನು, ಸ್ಕ್ರ್ಯಾಮ್ ಮಿತಿಗಳನ್ನು ಬದಲಿಸಿ, ಪ್ರತಿ ಆಪರೇಟರಿಗೂ ಹೊಸ ಮಿತಿಗಳ ತರಬೇತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ.